ಮುಂದಿನ ಸೀಟಿನ ಹಳದಿ ಹೆಲ್ಮೆಟ್

ಇಡೀ ಮಾನ್ವಿಯಲ್ಲಿ ಬಿಳಿ ಹೆಲ್ಮೆಟ್ ಇದ್ದದ್ದು ಒಂದೇ, ಅದು ಪೀರಾ ಸಾಬರದು. ಮೋಟಾರ್ ಸೈಕಲ್ ಇದ್ದವರೇ ಬರಿತಲೆಯಲ್ಲಿ ಓಡಾಡುತ್ತಿದ್ದ ಆ ಕಾಲದಲ್ಲಿ, ಬಸ್ ಸ್ಟ್ಯಾಂಡಿನ ಎದುರು ಸೈಕಲ್ ಬಾಡಿಗೆಗೆ ಕೊಡುತ್ತಿದ್ದ ಪೀರಾ ಸಾಬರು ಮನೆಯಿಂದ ಅಂಗಡಿಗೆ ನಡೆದು ಹೋಗುವಾಗಲೂ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು. ಮನೆಯಲ್ಲಿ ಅದಕ್ಕೊಂದು ಮೊಳೆ, ಅಂಗಡಿಯಲ್ಲಿ ಅದಕ್ಕೊಂದು ಮೊಳೆ, ನಡುವಿನ ದಾರಿಯಲ್ಲಿ ಪೀರಾ ಸಾಬರ ತಲೆ. ಹೀಗೆ ಆ ಹೆಲ್ಮೆಟ್ಟಿಗೆ ಎಲ್ಲೂ ಜಾಗದ ತೊಂದರೆ ಇರಲಿಲ್ಲ.

ದೇವಸುಗೂರಿನ ಪಕ್ಕದ ಶಕ್ತಿನಗರದಲ್ಲಿ ಕರೆಂಟಿನ ಕಾರ್ಖಾನೆ ಏಳುತ್ತಿದ್ದಾಗ ಪೀರಾ ಸಾಬರು ಅಲ್ಲೊಬ್ಬ ಗುತ್ತಿಗೆದಾರರ ಹತ್ತಿರ ಕೆಲಸಕ್ಕೆ ಹೋಗಿದ್ದರು. ವರ್ಷ ತುಂಬುವ ಮೊದಲೇ ವಾಪಸು ಬಂದರು. ಬಂದವರು ಊರವರಿಗೆಲ್ಲ ಅಲ್ಲಿಯ ಕಟ್ಟಳೆಯನ್ನು ವಿವರಿಸಿದರು. ಬಿಳಿ ಹೆಲ್ಮೆಟ್ ಹಾಕಿದವನು ಇಂಜಿನಿಯರ್, ಕೆಂಪು ಹಾಕಿದವನು ಸೇಫ್ಟಿಯವನು, ನೀಲಿ ಹಾಕಿದವನು ಕರೆಂಟಿನವನು, ಹಳದಿ ಹಾಕಿದವನು ಕೂಲಿ. ಇಷ್ಟು ಹೇಳಿ ತಮ್ಮ ಬಿಳಿ ಹೆಲ್ಮೆಟ್ಟನ್ನು ಮೊಳೆಗೆ ಹಾಕಿದರು. ಉಳಿದದ್ದನ್ನು ಊರವರೇ ಕೂಡಿಸಿಕೊಂಡರು. ಪೀರಾ ಸಾಬರು ಯಾರಿಗೂ ಸುಳ್ಳು ಹೇಳಲಿಲ್ಲ. ಊರವರು ಕೂಡಿಸಿದ್ದು ತಪ್ಪಿದೆ ಎಂದು ತಿದ್ದಲೂ ಹೋಗಲಿಲ್ಲ.

ಅಂದಿನಿಂದ ಅವರು ‘ಇಂಜಿನಿಯರ್ ಸಾಬ್’ ಆದರು. ಕೆಟ್ಟ ರೇಡಿಯೋ, ನೀರೆತ್ತದ ಪಂಪು, ತಿರುಗದ ಫ್ಯಾನು, ಎಲ್ಲವೂ ಸೈಕಲ್ ಅಂಗಡಿಗೆ ಬರತೊಡಗಿದವು. ಪೀರಾ ಸಾಬರು ವಸ್ತುವನ್ನು ಸುತ್ತಲೂ ತಿರುಗಿಸಿ ನೋಡುವರು, ಬೆರಳಿನಿಂದ ತಟ್ಟುವರು, ಕಿವಿಗಿಟ್ಟುಕೊಳ್ಳುವರು. ಆಮೇಲೆ “ತೊಂದ್ರಿ ಒಳಗ ಅದ” ಎಂದು ತೀರ್ಪು ಕೊಡುವರು. ಈ ತೀರ್ಪು ಒಮ್ಮೆಯೂ ತಪ್ಪಾಗಿರಲಿಲ್ಲ.

ಇಂಥ ಮನುಷ್ಯನಿಗೆ ಮಗಳ ಮದುವೆ ಸುಲಭವೇ? ಮಗಳು ಮಹಬೂಬಿಗೆ ದೇವದುರ್ಗದಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗನದು ಸ್ವಂತ ಸೈಕಲ್ ಅಂಗಡಿ. “ಸೈಕಲ್ ಅಂಗಡಿಯಾವಗ ನನ್ನ ಮಗಳ್ನ ಕೊಡಂಗಿಲ್ಲ” ಎಂದು ಪೀರಾ ಸಾಬರು ಸೈಕಲ್ ಅಂಗಡಿಯಲ್ಲೇ ಕುಳಿತು, ಪಂಕ್ಚರ್ ಹಾಕುತ್ತಾ ಹೇಳಿ ಕಳಿಸಿದರು.

ಆಮೇಲೆ ಬಂದದ್ದೇ ರಾಯಚೂರಿನ ಜಿಲಾನಿ ಪಾಷಾನ ಸಂಬಂಧ. ರಜೆಗೆ ಊರಿಗೆ ಬಂದಿದ್ದ ಹುಡುಗ ಕುವೈತಿನಲ್ಲಿ ಸೂಪರ್‌ವೈಜರ್. “ನನ್ನ ಮಗನ ಕೈ ಕೆಳಗ ನೂರಾರು ಮಂದಿ ಅದಾರ” ಎಂದು ಅವನ ತಾಯಿ ಮುನವ್ವರ್ ಬೀ ಬಂದಾಗಲೊಮ್ಮೆ, ಹೋಗುವಾಗಲೊಮ್ಮೆ ಹೇಳುತ್ತಿದ್ದರು. ಪೀರಾ ಸಾಬರು ಒಪ್ಪಿದರು. ಅವರ ಹೆಂಡತಿ ಹಸೀನಾ ಬೇಗಂ ಒಪ್ಪಿದಳು. ಮಹಬೂಬಿಯನ್ನು ಯಾರೂ ಕೇಳಲಿಲ್ಲ, ಆದರೆ ಪರದೆಯ ಸಂದಿಯಿಂದ ಹುಡುಗನನ್ನು ನೋಡಿದ ದಿನದಿಂದ ಅವಳ ಕೈಯ ರೊಟ್ಟಿ ದುಂಡಗೆ ಬರತೊಡಗಿದ್ದನ್ನು ಹಸೀನಾ ಬೇಗಂ ಗಮನಿಸಿದ್ದಳು. ಬರುವ ಶುಕ್ರವಾರ ನಮಾಜು ಮುಗಿದ ಮೇಲೆ ಎರಡೂ ಕಡೆಯವರು ಕುಳಿತು ಮದುವೆಯ ತಾರೀಖು ಗೊತ್ತು ಮಾಡುವುದೆಂದು ಮಾತಾಯಿತು.

ಅಷ್ಟರಲ್ಲಿ ಮುನವ್ವರ್ ಬೀ ಹುಡುಗಿಗೆಂದು ಸಾಮಾನು ತಂದುಕೊಟ್ಟು ಹೋದರು. ಅತ್ತರಿನ ಶೀಷೆ, ಮಿಂಚುವ ಸೀರೆ, ಒಂದು ಟಾರ್ಚು. ಜೊತೆಗೆ ಟವೆಲಿನಲ್ಲಿ ಸುತ್ತಿದ ಇನ್ನೊಂದು ವಸ್ತು. “ಇದನ್ನ ಜಿಲಾನಿ ತಾನೇ ಜೋಡಿಸ್ಯಾನ, ಡಬ್ಬಿ ಪೆಟಗಿಯೊಳಗ ಹಿಡೀಲಿಲ್ಲಂತ ಅಲ್ಲೇ ಬಿಟ್ಟು ಬಂದಾನ. ಇದರಾಗ ಮುಂದ ಕುಂತಾನಲ್ಲ, ಅವನೇ ನಾನು ಅಂತ ಹುಡುಗೀಗೆ ಹೇಳು ಅಂದಾನ” ಎಂದು ನಕ್ಕು, ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟರು. ಹಸೀನಾ ಬೇಗಂ ಟವೆಲಿನ ಗಂಟನ್ನು ಹಾಗೆಯೇ ಮಗಳ ಕೈಗೆ ಕೊಟ್ಟಳು. ಮಹಬೂಬಿ ಒಳಗೆ ಹೋಗಿ, ಬಿಚ್ಚಿ, ಒರೆಸಿ, ಬಹಳ ಹೊತ್ತಾದ ಮೇಲೆ ತಂದು ನಡುಮನೆಯ ಗೂಡಿನಲ್ಲಿಟ್ಟಳು.

ಪೀರಾ ಸಾಬರು ಸಂಜೆ ಮನೆಗೆ ಬಂದಾಗ ಗೂಡಿನ ಮುಂದೆ ಜನ ಸೇರಿತ್ತು. ಜನ ಎಂದರೆ ಪಕ್ಕದ ಮನೆಯ ಬಸವಂತಮ್ಮ ಮತ್ತು ಅಕ್ಕಿ ಗಿರಣಿಯ ವಿರೂಪಣ್ಣ. ಈ ಇಬ್ಬರಿದ್ದರೆ ಮಾನ್ವಿಯಲ್ಲಿ ಜನ ಸೇರಿದಂತೆಯೇ ಲೆಕ್ಕ. ಗೂಡಿನಲ್ಲಿದ್ದದ್ದು ಪ್ಲಾಸ್ಟಿಕ್ಕಿನ ಇಟ್ಟಿಗೆಗಳಿಂದ ಜೋಡಿಸಿದ ಒಂದು ವಿಚಿತ್ರ ಗಾಡಿ. ಆರು ಗಾಲಿ, ಮೇಲೊಂದು ಕೊಡೆಯಂಥ ತಾಟು, ಒಳಗೆ ಹೆಬ್ಬೆರಳಿನ ಎತ್ತರದ ನಾಲ್ಕು ಮಂದಿ. ನಾಲ್ವರ ಮೈಮೇಲೂ ಬೂದು ಬಣ್ಣದ ಅಂಗಿ, ತಲೆಯ ಮೇಲೆ ಹೆಲ್ಮೆಟ್, ಬೆನ್ನ ಮೇಲೆ ಜೋಡಿ ಸಿಲಿಂಡರ್. ನಾಲ್ವರೂ ನಗುತ್ತಿದ್ದರು.

ಮನುಷ್ಯ ಚಂದ್ರನ ಮೇಲೆ ಇಳಿದು ಬಂದ ಸುದ್ದಿ ಮಾನ್ವಿಗೂ ಮುಟ್ಟಿತ್ತು. ಆದರೆ ಗೊತ್ತಿರುವುದು ಬೇರೆ, ಗೊತ್ತಿರುವುದು ಹೊತ್ತಿಗೆ ನೆನಪಾಗುವುದು ಬೇರೆ. ಹೆಲ್ಮೆಟ್ ಕಂಡ ಕೂಡಲೇ ಆ ಮನೆಯಲ್ಲಿ ಎಲ್ಲರಿಗೂ ನೆನಪಾದದ್ದು ಶಕ್ತಿನಗರ.

“ಬರ್ರಿ ಇಂಜಿನಿಯರ್ ಸಾಬ್, ನಿಮ್ಮ ಇಲಾಖೇದು ಬಂದದ. ನೋಡಿ ಹೇಳ್ರಿ” ಎಂದ ವಿರೂಪಣ್ಣ.

ಪೀರಾ ಸಾಬರು ತಲೆಯ ಹೆಲ್ಮೆಟ್ ತೆಗೆದು ಮೊಳೆಗೆ ಹಾಕಿ, ಗಾಡಿಯನ್ನು ಹಿಂದಿನಿಂದ ನೋಡತೊಡಗಿದರು. ಯಾವುದನ್ನೂ ಹಿಂದಿನಿಂದ ನೋಡಬೇಕೆನ್ನುವುದು ಅವರ ಪದ್ಧತಿ.

“ಎಲ್ಲಾ ಕಾಯ್ದೆಪ್ರಕಾರ ಅದ” ಎಂದರು. “ಹಿಂದ ನಿಂತಾವ ಬಿಳಿ. ಅಂದ್ರ ಇಂಜಿನಿಯರ್. ಕೆಲಸ ಮಾಡಸಾಕ ಹಿಂದೇ ನಿಂದ್ರಬೇಕು, ಮುಂದ ನಿಂತ್ರ ಮಂದಿ ಮಾತು ಕೇಳಂಗಿಲ್ಲ. ಈ ಕಡಿಗೆ ಕೆಂಪು, ಸೇಫ್ಟಿ. ಈ ಕಡಿಗೆ ನೀಲಿ.”

“ಹಂಗಾದ್ರ ಮುಂದ ಗಾಡಿ ಹೊಡಿಯಾವ ಹಳದಿ. ಕೂಲಿ” ಎಂದು ಬಸವಂತಮ್ಮ ಪಾಠ ಒಪ್ಪಿಸಿದಳು. ಅವಳಿಗೂ ಬಣ್ಣಗಳು ಬಾಯಿಪಾಠವಾಗಿದ್ದವು.

“ಕೂಲಿ” ಎಂದು ಪೀರಾ ಸಾಬರು ತೃಪ್ತಿಯಿಂದ ತಲೆಯಾಡಿಸಿದರು. “ಸಿಲಿಂಡರ್ ಹೊರೋ ಕೂಲಿ. ಮುಖ ನೋಡಿದ್ರನ ಗೊತ್ತಾಗತದ. ಓದಿದ ಕಳೆ ಇಲ್ಲ.”

ಆಗ ಹಸೀನಾ ಬೇಗಂ ಚಹಾದ ತಟ್ಟೆ ಹಿಡಿದುಕೊಂಡು ಅಡುಗೆಮನೆಯಿಂದ ಬಂದಳು. “ಮುಂದ ಕುಂತಾವ್ನೇ ನಮ್ಮ ಅಳಿಯಂತ. ಅವನೇ ಹೇಳಿ ಕಳಿಸ್ಯಾನ” ಎಂದಳು.

ಚಹಾ ತಣ್ಣಗಾಗುವವರೆಗೆ ಯಾರೂ ಕೈ ಚಾಚಲಿಲ್ಲ. ವಿರೂಪಣ್ಣ ಗಾಡಿಯನ್ನು ನೋಡಿದ, ಮೊಳೆಯ ಮೇಲಿನ ಬಿಳಿ ಹೆಲ್ಮೆಟ್ ನೋಡಿದ, ಪೀರಾ ಸಾಬರನ್ನು ನೋಡಿದ. ಬಸವಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಳಗಡೆ ಪರದೆ ಸ್ವಲ್ಪ ಅಲುಗಾಡಿ ನಿಂತಿತು.

“ಹಂಗೇನಿಲ್ಲ” ಎಂದು ಪೀರಾ ಸಾಬರು ಗಂಟಲು ಸರಿ ಮಾಡಿಕೊಂಡರು. “ಕುವೈತಿನ ಬಣ್ಣ ಬ್ಯಾರೆ ಇರತಾವ.”

“ಬಣ್ಣ ಜಗತ್ತಿನಾಗೆಲ್ಲಾ ಒಂದೇ ಅಂತ ನೀವೇ ಹೇಳಿದ್ರೆಲ್ಲ. ಅಮೇರಿಕದಾಗೂ ಬಿಳಿ ಅಂದ್ರ ಇಂಜಿನಿಯರ್ ಅಂದಿದ್ರಿ” ಎಂದ ವಿರೂಪಣ್ಣ. ಗಿರಣಿಯವರಿಗೆ ಅಕ್ಕಿಯಲ್ಲಿ ಕಲ್ಲು ಕಾಣದಿದ್ದರೂ ಮಾತಿನಲ್ಲಿ ಕಾಣುತ್ತದೆ.

ಮರುದಿನ ಬೆಳಿಗ್ಗೆ ಪೀರಾ ಸಾಬರು ಹೆಲ್ಮೆಟ್ಟನ್ನು ಮೊಳೆಯಲ್ಲೇ ಬಿಟ್ಟು, ಹಳದಿ ಹೆಲ್ಮೆಟ್ಟಿನವನನ್ನು ಸೀಟಿನಿಂದ ಮೆಲ್ಲಗೆ ಕಿತ್ತು, ಎಲೆಅಡಿಕೆಯ ಸಂಚಿಯಲ್ಲಿ ಹಾಕಿಕೊಂಡು ರಾಯಚೂರಿನ ಬಸ್ಸು ಹತ್ತಿದರು. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಶಕ್ತಿನಗರ. ದಾರಿಯುದ್ದಕ್ಕೂ ಸಂಚಿಯೊಳಗೆ ಭಾವಿ ಅಳಿಯ ಅಡಿಕೆಯ ಹೋಳುಗಳ ನಡುವೆ ನಗುತ್ತಾ ಮಲಗಿದ್ದ. ಎಲೆಗೆ ಸುಣ್ಣ ಹಚ್ಚಲು ಸಂಚಿ ಬಿಚ್ಚಿದಾಗಲೆಲ್ಲ ಇಬ್ಬರ ಕಣ್ಣೂ ಕೂಡುತ್ತಿದ್ದವು. ಪೀರಾ ಸಾಬರು ಅಂದು ಎಲೆಯನ್ನೇ ಹಾಕಿಕೊಳ್ಳಲಿಲ್ಲ.

ಶಕ್ತಿನಗರದಲ್ಲಿ ಅವರು ನಂಬಿದ್ದ ಒಬ್ಬನೇ ಮನುಷ್ಯ ಗುತ್ತಿಗೆದಾರರ ಸ್ಟೋರ್‌ಕೀಪರ್ ಯಂಕೋಬ. ಜಗತ್ತಿನಲ್ಲಿ ಹೆಲ್ಮೆಟ್ ಬಗ್ಗೆ ತನಗಿಂತ ತಿಳಿದವರಿಲ್ಲ ಎಂದು ಯಂಕೋಬನೂ ನಂಬಿದ್ದ. ಅವನು ಪುಟ್ಟ ಮನುಷ್ಯನನ್ನು ಅಂಗೈಯಲ್ಲಿ ನಿಲ್ಲಿಸಿಕೊಂಡು, ಕನ್ನಡಕ ಹಾಕಿ, ಗೇಟಿನಲ್ಲಿ ಹೊಸ ಕೂಲಿಯನ್ನು ನೋಡುವ ಗತ್ತಿನಲ್ಲಿ ತಪಾಸಣೆಗೆ ತೊಡಗಿದ.

“ಗದ್ದದ ಪಟ್ಟಿ ಇಲ್ಲ” ಎಂದ. “ಬೂಟಿಲ್ಲ. ಕೈಗವಸು ಇಲ್ಲ. ಬೆನ್ನ ಮ್ಯಾಲ ತುಂಬಿದ ಸಿಲಿಂಡರ್. ನಗಾಕತ್ತಾನ ಬ್ಯಾರೆ. ಸಿಲಿಂಡರ್ ಹೊತ್ತಾವ ನಗಬಾರದು, ಗಮನ ತಪ್ಪತದ. ನನ್ನ ಗೇಟಿನಾಗಾದ್ರ ಇವನ್ನ ಒಳಗ ಬಿಡಂಗಿಲ್ಲ.”

“ಬಿಡಬ್ಯಾಡ್ರಿ. ಆದ್ರ ಇವ ಯಾರು ಅಂತ ಹೇಳ್ರಿ ಸಾಕು” ಎಂದರು ಪೀರಾ ಸಾಬರು.

ಯಂಕೋಬ ಪುಟ್ಟ ಮನುಷ್ಯನ ಎದೆಯನ್ನು ಕಣ್ಣ ಹತ್ತಿರ ತಂದುಕೊಂಡ. ಅಲ್ಲಿ ಚಿಕ್ಕದೊಂದು ಚಿತ್ರ ಅಚ್ಚಾಗಿತ್ತು. ನಡುವೆ ಬಂಗಾರ ಬಣ್ಣದ ಗುಂಡು, ಗುಂಡಿನ ಸುತ್ತ ಒಂದು ಅಗಲವಾದ ಬಳೆ.

“ಇದು ಡಿಪಾರ್ಟ್‌ಮೆಂಟಿನ ಗುರುತು. ನೋಡಿದ್ಯಾ? ನಡುವಿಂದು ಲಾಡು. ಸುತ್ತ ಇರೋದು ತಾಟು” ಎಂದ.

“ಲಾಡು?”

“ಲಾಡು. ಅಂದ್ರ ಕ್ಯಾಂಟೀನ್. ಈಗ ಸಿಲಿಂಡರಿನ ಲೆಕ್ಕ ಹತ್ತಿತಲ್ಲ. ಕ್ಯಾಂಟೀನಿಗೆ ಗ್ಯಾಸು ಹೊರಾವ. ಹಳದಿ ಟೊಪ್ಪಿಗಿ, ಕ್ಯಾಂಟೀನ್ ಕೂಲಿ. ಬಿಡುವಿದ್ದಾಗ ಚಾ ಹಂಚತಿರಬೇಕು.” ಯಂಕೋಬ ಕನ್ನಡಕ ತೆಗೆದ. “ಇದನ್ನ ಕೇಳಾಕ ಇಷ್ಟು ದೂರ ಬಂದ್ಯೇನು? ನಿನಗ ಗೊತ್ತಿಲ್ಲದ್ದೇನಿದು ಪೀರಾ? ಚಾದ ಕೆಟ್ಲಿ ಹೊತ್ತು ಹೊತ್ತು ನೀ ಎಡಕ್ಕ ವಾಲಿ ನಡಿತಿದ್ದಿಯಲ್ಲ. ನಿನ್ನ ಹಳದಿ ಹೆಲ್ಮೆಟ್ ಇನ್ನೂ ನನ್ನ ಸ್ಟೋರಿನಾಗ ಬಿದ್ದದ. ಮಳೀಗಂತ ಒಂದು ಸೀಳಿದ ಬಿಳೀದು ಕೇಳಿ ಒಯ್ದಿದ್ದಿ, ಅದು ಸೋರ್ತದೇನು?”

“ಸೋರಂಗಿಲ್ಲ” ಎಂದರು ಪೀರಾ ಸಾಬರು, ಬಹಳ ಸಣ್ಣ ದನಿಯಲ್ಲಿ.

ವಾಪಸು ಬರುವಾಗ ಅವರಿಗೆ ನಿಜವಾಗಿಯೂ ಅಳು ಬಂತು. ಕಿಟಕಿಯ ಗಾಳಿಗೆ ಕಣ್ಣಲ್ಲಿ ನೀರು ಬಂದಿದೆಯೆಂದು ಪಕ್ಕದವರು ತಿಳಿದು ಗಾಜು ಎಳೆದರು. ಪಂಪಿನ ಮುಂದೆ, ರೇಡಿಯೋದ ಮುಂದೆ ಅವರು ಏನೇ ನಟಿಸಲಿ, ಕೆಟಲಿಯ ಭಾರ ಎಷ್ಟಿರುತ್ತದೆಂದು ಅವರ ಎಡಗೈಗೆ ಗೊತ್ತಿತ್ತು. ಹೊತ್ತು ಮುಳುಗುವವರೆಗೆ ಹಳದಿ ಹೆಲ್ಮೆಟ್ಟಿನೊಳಗೆ ತಲೆ ಬೇಯುವುದೂ, “ಏ ಚಾ” ಎಂದು ಕರೆಸಿಕೊಳ್ಳುವುದೂ ಗೊತ್ತಿತ್ತು. ಮಗಳನ್ನು ಎಂಥವನಿಗೆ ಬೇಕಾದರೂ ಕೊಡಬಹುದು, ತನ್ನಂಥವನಿಗೆ ಮಾತ್ರ ಕೊಡಬಾರದು ಎನ್ನುವುದೊಂದೇ ಅವರ ಆಸೆಯಾಗಿತ್ತು. ಹುಡುಕಿ ಹುಡುಕಿ ಕೊನೆಗೆ ತನ್ನಂಥವನನ್ನೇ, ಅದೂ ಕುವೈತಿನಿಂದ ತರಿಸಿಕೊಂಡಂತಾಗಿತ್ತು.

ಮನೆಯಲ್ಲಿ ಅವರು ಹೆಂಡತಿಗೆ ಹೇಳಿದ್ದು ಇಷ್ಟೇ: “ಕ್ಯಾಂಟೀನಿನಾವ.”

ಹಸೀನಾ ಬೇಗಂ ಉಳಿದ ಮೂವರನ್ನು ಗೂಡಿನಿಂದ ತಂದು ಎದೆಯ ಚಿತ್ರ ನೋಡಿದಳು. “ಬಿಳಿಯಾವನ ಎದಿ ಮ್ಯಾಲೂ ಲಾಡು ಅದ. ಕೆಂಪಿನವಂಗೂ ಅದ.”

“ಅಂದ್ರ ಇಡೀ ಕ್ಯಾಂಟೀನನ್ನೇ ಕಳಿಸ್ಯಾನ” ಎಂದು ಪೀರಾ ಸಾಬರು ಗೋಡೆಗೆ ಒರಗಿದರು.

ಗೋಡೆಯ ಆಚೆ ಬಸವಂತಮ್ಮ ಇದ್ದಳು. ಮಾನ್ವಿಯಲ್ಲಿ ಗೋಡೆಗೆ ಕಿವಿ ಇರುವುದಿಲ್ಲ, ಬಸವಂತಮ್ಮ ಇರುತ್ತಾಳೆ. ಮರುದಿನ ಮಧ್ಯಾಹ್ನದೊಳಗೆ ಸುದ್ದಿ ಗಿರಣಿ ದಾಟಿ, ತಹಸೀಲ್ ಕಚೇರಿ ದಾಟಿ, ಸೈಕಲ್ ಅಂಗಡಿಗೆ ವಾಪಸು ಬಂತು. ಬರುವಷ್ಟರಲ್ಲಿ ಅದು ಮೈ ತುಂಬಿಕೊಂಡಿತ್ತು. ಜಿಲಾನಿ ಪಾಷಾ ಕುವೈತಿನಲ್ಲಿ ನೂರಾರು ಮಂದಿಗೆ ಒಬ್ಬನೇ ಬಿರಿಯಾನಿ ಮಾಡುತ್ತಾನೆ, ಅದಕ್ಕೇ ಅವನ ಕೈ ಕೆಳಗೆ ನೂರಾರು ಮಂದಿ ಎನ್ನುವುದು, ಅಂದರೆ ಕೈ ಕೆಳಗೆ ಎಲೆ ಹಾಕಿಕೊಂಡು ಕುಳಿತವರು.

ವಿರೂಪಣ್ಣ ಸಮಾಧಾನ ಹೇಳಲೆಂದೇ ಅಂಗಡಿಗೆ ಬಂದ. “ಬೇಜಾರಾಗಬ್ಯಾಡ್ರಿ ಸಾಬ್. ಒಂದು ಲೆಕ್ಕಕ್ಕ ಚಲೋ ಆತು. ಮದುವಿಗೆ ಅಡಿಗಿಯವರನ್ನ ಕರಸೋ ಗರಜಿಲ್ಲ. ಅಕ್ಕಿ ನಂದು, ಕೈ ಅಳಿಯಂದು.”

“ಅಡಿಗಿ ಬರೋ ಗಂಡ ಸಿಗೋದು ಪುಣ್ಯ. ನಮ್ಮನ್ಯಾಗ ಒಬ್ರು ಅದಾರ, ನೀರು ಕಾಸಿದ್ರ ಸೀದು ಹೋಗತದ” ಎಂದು ಬಸವಂತಮ್ಮ ಹಸೀನಾ ಬೇಗಂಗೆ ಹೇಳಿದಳು.

ಹಸೀನಾ ಬೇಗಂಗೆ ಸಮಾಧಾನವಾಗಲಿಲ್ಲ. “ಕೂಲಿಯಾದ್ರೇನು, ಅಡಿಗಿಯಾದ್ರೇನು, ದುಡಿಯೋದು ತಪ್ಪಲ್ಲ” ಎಂದಳು ಗಂಡನಿಗೆ. “ಆದ್ರ ಸೂಪರ್‌ವೈಜರ್ ಅಂತ ಯಾಕ ಹೇಳಬೇಕು? ಸುಳ್ಳು ಹೇಳಿದವರ ಮನಿಗೆ ನನ್ನ ಮಗಳ್ನ ಕಳಸಂಗಿಲ್ಲ. ಬಿಳಿ ಹೆಲ್ಮೆಟ್ಟಿನ ಮನಿ ನಮ್ಮದು. ಏನಂತೀರಿ?”

ಪೀರಾ ಸಾಬರು ಮೊಳೆಯ ಕಡೆ ನೋಡಲಿಲ್ಲ. “ಹೂಂ” ಎಂದರು. ಅಂದು ಮತ್ತು ಮರುದಿನ ಮಹಬೂಬಿಯ ರೊಟ್ಟಿಗಳು ಸೊಟ್ಟಗೆ ಬಂದವು. ಪೀರಾ ಸಾಬರು ಅವನ್ನು ಕಣ್ಣು ಮುಚ್ಚಿಕೊಂಡು ತಿಂದರು.

ಶುಕ್ರವಾರ ನಮಾಜು ಮುಗಿಯಿತು. ಮುನವ್ವರ್ ಬೀ ಬಂದರು, ರಜೆ ಮುಗಿಯುತ್ತಾ ಬಂದಿದ್ದರಿಂದ ಜಿಲಾನಿಯೂ ಬಂದ. ಜೊತೆಗೆ ಹಿರಿಯರೆಂದು ಅವನ ಸೋದರಮಾವ ಅಬ್ದುಲ್ ವಹೀದ್. ರಾಯಚೂರಿನ ತೀನ್ ಕಂದಿಲ್ ಹತ್ತಿರ ಬಟ್ಟೆ ಅಂಗಡಿ ಇದ್ದವರು, ಮಾತನ್ನೂ ಗಜದಲ್ಲಿ ಅಳೆದು ಕೊಡುವವರು. ಈ ಕಡೆಯಿಂದ ವಿರೂಪಣ್ಣ ಹಿರಿಯನಾಗಿ ಕುಳಿತಿದ್ದ, ಬಸವಂತಮ್ಮ ಬಾಗಿಲಲ್ಲಿ ನಿಂತಿದ್ದಳು. ಪರದೆಯ ಹಿಂದೆ ಮಹಬೂಬಿ. ಆ ಮನೆಗಳಲ್ಲಿ ತಮ್ಮತಮ್ಮಲ್ಲಿ ದಖ್ಖನಿ ಉರ್ದುವೇ ನಡೆಯುತ್ತದೆ, ಆದರೆ ವಿರೂಪಣ್ಣನಿಗೆ ಒಂದು ಮಾತೂ ತಪ್ಪಬಾರದೆಂದು ಅಂದಿನ ಮಾತೆಲ್ಲ ಕನ್ನಡದಲ್ಲೇ ಆಯಿತು.

ತಾರೀಖಿನ ಮಾತು ಬರುವ ಮೊದಲೇ ಪೀರಾ ಸಾಬರು ವಿಷಯವನ್ನು ನಯವಾಗಿ ತೆಗೆಯಬೇಕೆಂದಿದ್ದರು. “ಬೇಟಾ, ಅಲ್ಲಿ ಬೆನ್ನು ಗಿನ್ನು ನೋಯಂಗಿಲ್ಲಲ್ಲ?” ಎಂದು ಕೇಳಿದರು.

“ಸಂಜಿಮುಂದ ಸ್ವಲ್ಪ ನೋಯತದ ಮಾಮೂ. ದಿನಾ ನಿಂತೇ ಇರಬೇಕಲ್ಲ” ಎಂದ ಜಿಲಾನಿ. ಒಳ್ಳೆಯ ಹುಡುಗ, ಕೇಳಿದ್ದಕ್ಕೆ ಉತ್ತರ ಕೊಡುವುದನ್ನು ಕಲಿತವನು.

ವಿರೂಪಣ್ಣ ಬಸವಂತಮ್ಮನ ಕಡೆ ನೋಡಿದ. “ತಮ್ಮಾ, ಚಾಕ್ಕ ಶುಂಠಿ ಮೊದಲು ಹಾಕತೀಯೋ, ಹಾಲು ಮೊದಲೋ?” ಎಂದ.

ಜಿಲಾನಿ ಗೊಂದಲಗೊಂಡ. ಆದರೆ ಬೀಗರ ಕಡೆಯ ಹಿರಿಯರು ಕೇಳಿದ ಪ್ರಶ್ನೆ. “ಶುಂಠಿ ಮೊದಲು ಕುದಸಬೇಕ್ರೀ. ನಾವು ರೂಮಿನಾಗ ಎಂಟು ಮಂದಿ ಅದೀವಿ, ಪಾಳಿ ಮ್ಯಾಲ ಮಾಡತೀವಿ.”

“ಬಿರಿಯಾನಿ?”

“ಅದೂ ಬರತದ್ರೀ.”

“ಗ್ಯಾಸ್ ಸಿಲಿಂಡರ್ ಯಾರು ತರತೀರಿ?” ಎಂದು ಬಸವಂತಮ್ಮ ಬಾಗಿಲಿನಿಂದಲೇ ಕೇಳಿದಳು.

“ಬಹಳ ಸಲ ನಾನೇ. ನಾನೇ ಸಣ್ಣಾವ ಅಲ್ರೀ.”

ಪೀರಾ ಸಾಬರು ಕಣ್ಣು ಮುಚ್ಚಿಕೊಂಡರು. ಅಬ್ದುಲ್ ವಹೀದರಿಗೆ ಮೈ ಉರಿಯತೊಡಗಿತು. “ನಾವು ತಾರೀಖು ನೋಡಾಕ ಬಂದೀವೋ, ಹುಡುಗನ್ನ ಖಾನಾವಳಿಗೆ ಇಡಾಕ ಬಂದೀವೋ?” ಎಂದರು.

ಅಷ್ಟು ಸಾಕಾಯಿತು. ಹಸೀನಾ ಬೇಗಂ ಗೂಡಿನಿಂದ ಗಾಡಿಯನ್ನು ತಂದು ಎಲ್ಲರ ನಡುವೆ ಚಾಪೆಯ ಮೇಲೆ ಇಟ್ಟಳು. “ನಿಮ್ಮ ಹುಡುಗನೇ ಹೇಳಿ ಕಳಿಸ್ಯಾನ, ಮುಂದ ಕುಂತಾವ ನಾನು ಅಂತ. ನೋಡ್ರಿ, ಹಳದಿ ಹೆಲ್ಮೆಟ್. ಬೆನ್ನ ಮ್ಯಾಲ ಸಿಲಿಂಡರ್. ಎದಿ ಮ್ಯಾಲ ಲಾಡು. ನಮ್ಮ ಮನಿಯವರು ಶಕ್ತಿನಗರಕ್ಕ ಒಯ್ದು ತಪಾಸಣೆ ಮಾಡಿಸ್ಯಾರ. ಕ್ಯಾಂಟೀನ್ ಕೂಲಿಗೆ ಸೂಪರ್‌ವೈಜರ್ ಅಂತ ಹೇಳಿ ನಮ್ಮ ಹುಡುಗೀನ್ನ ಕೇಳಾಕ ಬಂದೀರಿ.”

ಮುನವ್ವರ್ ಬೀ ಮಗನ ಕಡೆ ತಿರುಗಿದರು.

ಜಿಲಾನಿ ಮಾತ್ರ ಗಾಡಿಯ ಹತ್ತಿರ ಬಗ್ಗಿದ. ಅವನ ಹುಬ್ಬು ಗಂಟಿಕ್ಕಿತು. “ಇದು ಹಳದಿ ಹೆಂಗಾತು? ನಾ ಬಿಳೀದು ಹಾಕಿದ್ದೆನಲ್ಲ” ಎಂದವನೇ ಮುಂದೆ ಕುಳಿತವನ ತಲೆಗೆ ಕೈ ಹಾಕಿ ಟಕ್ಕನೆ ಎಳೆದ.

“ಯವ್ವಾ, ರುಂಡ” ಎಂದು ಬಸವಂತಮ್ಮ ಕಣ್ಣು ಮುಚ್ಚಿಕೊಂಡಳು.

ರುಂಡ ಬಂದಿರಲಿಲ್ಲ. ಹೆಲ್ಮೆಟ್ ಬಂದಿತ್ತು. ಜಿಲಾನಿ ಹಿಂದಿನವನ ಬಿಳಿ ಹೆಲ್ಮೆಟ್ಟನ್ನೂ ಟಕ್ಕನೆ ತೆಗೆದ, ನೀಲಿಯನ್ನೂ ಕೆಂಪನ್ನೂ ತೆಗೆದ. ನಾಲ್ಕು ಬೋಳು ತಲೆಗಳು, ನಾಲ್ಕೂ ಮುಖ ಒಂದೇ, ನಾಲ್ಕರ ಮೇಲೂ ಅದೇ ನಗೆ. ಹೆಲ್ಮೆಟ್ ತೆಗೆಯಲು ಬರುತ್ತದೆನ್ನುವುದು ವಾರವಿಡೀ ಪೀರಾ ಸಾಬರಿಗೆ ಹೊಳೆದಿರಲಿಲ್ಲ, ಯಂಕೋಬನಿಗಂತೂ ಹೊಳೆಯುವುದೇ ಇಲ್ಲ. ಅವನ ಲೆಕ್ಕದಲ್ಲಿ ಗೇಟಿನೊಳಗೆ ಹೆಲ್ಮೆಟ್ ತೆಗೆಯುವುದು ದೊಡ್ಡ ಅಪರಾಧ.

“ನಾ ಬದಲು ಮಾಡಿದ್ದೆ” ಎಂದಿತು ಪರದೆ.

ಎಲ್ಲರೂ ಆ ಕಡೆ ತಿರುಗಿದರು.

“ಮೊದಲನೇ ದಿನಾ ಒರಸುವಾಗ ತೆಗದಿದ್ದೆ” ಎಂದಳು ಮಹಬೂಬಿ, ಪರದೆಯ ಹಿಂದಿನಿಂದಲೇ. “ಎಲ್ಲಾ ಒಂದೇ ಮುಖ, ಯಾವ ಟೊಪ್ಪಿಗಿ ಯಾರದು ಗೊತ್ತಾಗಲಿಲ್ಲ. ಮುಂದ ಕುಂತಾವಂಗ ಹಳದಿ ಚಂದ ಕಾಣತಿತ್ತು, ಹಾಕಿದೆ.”

“ನೀ ಮೊದಲೇ ಯಾಕ ಹೇಳಲಿಲ್ಲ?” ಎಂದಳು ತಾಯಿ.

“ನೀವು ಯಾರೂ ನನ್ನ ಕೇಳಲಿಲ್ಲ. ಮತ್ತ ಬಣ್ಣದ ಸಲುವಾಗಿ ಲಗ್ನ ಬಿಡಸತೀರಂತ ನನಗ ಹೆಂಗ ಗೊತ್ತಾಗಬೇಕು? ಬಿಡಸೋದಾದ್ರ ಬ್ಯಾರೆ ಕಾರಣಾನೂ ಇರಬೇಕು ಅನ್ಕೊಂಡೆ.”

ಜಿಲಾನಿ ಕಿವಿಯವರೆಗೆ ಕೆಂಪಾಗಿದ್ದ. ಆದರೂ ಹೇಳಿದ. “ಇವರು ಚಂದ್ರನ ಮ್ಯಾಲ ಅಡ್ಡಾಡೋ ಮಂದಿ ಮಾಮೂ. ಅಲ್ಲಿ ಗಾಳಿ ಇಲ್ಲಲ್ಲ, ಬೆನ್ನ ಮ್ಯಾಲ ಗಾಳಿ ಕಟಗೊಂಡು ಹೋಗತಾರ. ಇದು ಲಾಡು ಅಲ್ಲ, ಗ್ರಹ.”

“ನಾನೂ ಹಂಗೇ ಅನ್ಕೊಂಡಿದ್ದೆ” ಎಂದ ವಿರೂಪಣ್ಣ, ಒಂದು ಕ್ಷಣವೂ ತಡಮಾಡದೆ.

“ಮತ್ತ ನಿನಗ್ಯಾಕ ಚಂದ್ರನ ಮ್ಯಾಲಿನ ಮಂದಿ?” ಎಂದು ಕೇಳಿದಳು ಹಸೀನಾ ಬೇಗಂ.

ಹುಡುಗ ತಾಯಿಯ ಮುಖ ನೋಡಿದ. ಮುನವ್ವರ್ ಬೀ ಬೇಡವೆಂದು ಕಣ್ಣಲ್ಲೇ ಹೇಳಿದರು. ಅವನು ಹೇಳಿಯೇಬಿಟ್ಟ. “ನಾನು ಇರೋದು ಆಟಿಗಿ ಸಾಮಾನಿನ ಅಂಗಡ್ಯಾಗ. ದೊಡ್ಡ ಅಂಗಡಿ, ಅದರಾಗ ಒಂದು ಕಪಾಟು ನಂದು. ಹೊಸಾ ಡಬ್ಬಿ ಬಂದ್ರ ಬಿಚ್ಚಿ, ಒಳಗಿನ ಮಂದಿನ್ನ ಎಣಿಸಿ, ತಲಿ ಸರಿಯಾಗಿ ಕುಂತಾವೋ ಇಲ್ಲೋ, ಟೊಪ್ಪಿಗಿ ಅದಾವೋ ಇಲ್ಲೋ, ನಗಿ ಸೊಟ್ಟಗ ಅಚ್ಚಾಗೇದೋ ನೆಟ್ಟಗ ಅದನೋ ನೋಡೋದು ನನ್ನ ಕೆಲಸ. ನೂರಾರು ಮಂದಿನ್ನ ನೋಡ್ಕೊಂತೀನಿ ಅಂತ ಅಮ್ಮಾಗ ಹೇಳಿದ್ದೆ. ಎಂಥಾ ಮಂದಿ ಅಂತ ಆಕಿ ಕೇಳಲಿಲ್ಲ, ನಾನೂ ಹೇಳಲಿಲ್ಲ.” ಅವನು ಬಿಳಿ ಹೆಲ್ಮೆಟ್ಟನ್ನು ಬೆರಳಲ್ಲಿ ತಿರುಗಿಸಿದ. “ಈ ಗಾಡಿ ಸಿಗೋದು ಭಾಳ ಕಷ್ಟ. ನನ್ನ ಹತ್ತಿರ ಇರೋದ್ರಾಗ ಚಲೋದು ಇದೇ. ಅದಕ್ಕ ಇದನ್ನ ಕಳಿಸಿದ್ದೆ.”

ಅಬ್ದುಲ್ ವಹೀದರು ಟೊಪ್ಪಿಗೆ ಸರಿ ಮಾಡಿಕೊಂಡು ಏಳುವ ಹವಣಿಕೆಯಲ್ಲಿದ್ದರು. ಮುನವ್ವರ್ ಬೀಯವರ ಕಣ್ಣಲ್ಲಿ ನೀರಿತ್ತು. ಅಳಿಯ ಕೂಲಿಯಲ್ಲವೆಂದು ಗೊತ್ತಾದರೂ ಸೂಪರ್‌ವೈಜರ್ ಅಲ್ಲವೆಂಬುದೂ ಗೊತ್ತಾಗಿತ್ತು. ಸುಳ್ಳು ಸುಳ್ಳೇ. ಹಸೀನಾ ಬೇಗಂ ಗಂಡನ ಕಡೆ ತಿರುಗಿ, “ನೀವು ಹೇಳ್ರಿ” ಎಂದಳು. ಪರದೆಯ ಅಂಚನ್ನು ಹಿಡಿದಿದ್ದ ನಾಲ್ಕು ಬೆರಳು ಬಿಗಿಯಾದವು.

ಪೀರಾ ಸಾಬರಿಗೆ ಆ ಬೆರಳು ಕಂಡವು. ಮೊಳೆಯ ಮೇಲಿನ ಹೆಲ್ಮೆಟ್ಟೂ ಕಂಡಿತು. “ಆಕಿ ಕೇಳಲಿಲ್ಲ, ಇವ ಹೇಳಲಿಲ್ಲ” ಎಂದರು ಮೆಲ್ಲಗೆ. “ಇದನ್ನ ಪೂರಾ ಸುಳ್ಳು ಅನ್ನಾಕ ಬರಂಗಿಲ್ಲ.”

“ಮತ್ತೇನಂತಾರ ಇದಕ್ಕ?” ಎಂದಳು ಹೆಂಡತಿ.

ಪೀರಾ ಸಾಬರು ಹೆಂಡತಿಯ ಕಡೆ ತಿರುಗಿದರು. “ಹಸೀನಾ, ಆ ಶಕ್ತಿನಗರದಾಗ ನಾನು…” ಎಂದು ಶುರು ಮಾಡಿ, ವಿರೂಪಣ್ಣನ ಕಿವಿಯನ್ನು ನೋಡಿ ನಿಂತರು.

“ಅದನ್ನ ಬಿಡ್ರಿ. ಆ ದಿನದಾಗ ನಿಮ್ಮ ಅಂಗಿ ಒಗದಾಕಿ ನಾನು” ಎಂದಳು ಹಸೀನಾ ಬೇಗಂ. “ಇಂಜಿನಿಯರ್ ಅಂಗಿಗೆ ಅಷ್ಟು ಚಾದ ಕಲಿ ಬೀಳಂಗಿಲ್ಲ.”

ಇಷ್ಟು ವರ್ಷ ಗೊತ್ತಿದ್ದೂ ಅವಳು ಆ ಹೆಲ್ಮೆಟ್ಟಿನ ಧೂಳು ಒರೆಸಿ ಮೊಳೆಗೆ ಹಾಕಿದ್ದಳು, ಬಂದವರಿಗೆ ಬಿಳಿ ಹೆಲ್ಮೆಟ್ಟಿನ ಮನೆ ಎಂದು ಹೇಳಿದ್ದಳು. ಪೀರಾ ಸಾಬರಿಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚು ಹೆಂಡತಿಯ ಮೇಲೆ ಪ್ರೀತಿ ಬಂತು. ವಿರೂಪಣ್ಣ ಒಂದು ಸಲ ಅಂಗಿಯ ಕಲೆಯ ಲೆಕ್ಕ ಹಾಕಿದ, ಇನ್ನೊಂದು ಸಲ ಹಾಕಿದ, ಆಮೇಲೆ ಬಾಯಿ ತೆರೆಯಲು ಹೋದ. ಬಸವಂತಮ್ಮ ಅವನ ಕೈಗೆ ಚಹಾದ ಕಪ್ಪು ತುರುಕಿದಳು.

“ಅಲ್ಲಿ ಅವ್ವ ಮಗನ್ನ ಏರಿಸ್ಯಾಳ, ಇಲ್ಲಿ ನಾನು ಗಂಡನ್ನ ಏರಿಸೀನಿ” ಎಂದು ಹಸೀನಾ ಬೇಗಂ ಮುನವ್ವರ್ ಬೀಯವರ ಪಕ್ಕದಲ್ಲಿ ಹೋಗಿ ಕುಳಿತಳು. “ಇಂಥಾ ಬೀಗರಿಗೆ ಇಂಥಾ ಬೀಗರೇ ಸರಿ. ತಾರೀಖು ನೋಡ್ರಿ.”

ತಾರೀಖು ಗೊತ್ತಾಯಿತು. ಹಿರಿಯರು ಅದನ್ನು ಗೊತ್ತು ಮಾಡುವಾಗ ಪೀರಾ ಸಾಬರು ಮತ್ತು ಜಿಲಾನಿ ಚಾಪೆಯ ಮೇಲೆ ಮೊಣಕಾಲೂರಿ ನಾಲ್ವರಿಗೂ ಹೆಲ್ಮೆಟ್ ಹಾಕುತ್ತಿದ್ದರು. ಮುಂದೆ ಕುಳಿತವನಿಗೆ ಬಿಳಿಯದನ್ನು ಹಾಕಲು ಹೋದ ಜಿಲಾನಿ ಪರದೆಯ ಕಡೆ ನೋಡಿದ. ಆಮೇಲೆ ಹಳದಿಯನ್ನೇ ಹಾಕಿದ.

ಮರುದಿನ ಪೀರಾ ಸಾಬರು ಬರಿತಲೆಯಲ್ಲಿ ಅಂಗಡಿಗೆ ಹೋದರು. ಮಾನ್ವಿಯ ಬಿಸಿಲು ಎಂಥದೆಂದು ಅವರಿಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ಹಿರೇಕೊಟ್ನೆಕಲ್ಲಿನ ದೊಡ್ಡಪ್ಪ ಎನ್ನುವ ರೈತ ಸೈಕಲ್ ಬಾಡಿಗೆಗೆ ಕೇಳಲು ಬಂದ. “ಮಗಳ ಲಗ್ನ ಗೊತ್ತಾತಂತಲ್ರೀ ಸಾಬ್. ಅಳಿಯ ಏನು ಮಾಡತಾನ?”

ಪೀರಾ ಸಾಬರು ಸೈಕಲ್ಲಿನ ಗಾಳಿ ಒತ್ತಿ ನೋಡಿದರು. ಇನ್ನು ಮೇಲೆ ಇದ್ದದ್ದನ್ನು ಇದ್ದಂತೆ ಹೇಳುವುದೆಂದು ಬೆಳಿಗ್ಗೆಯಷ್ಟೇ ಗಟ್ಟಿ ಮನಸ್ಸು ಮಾಡಿದ್ದರು. “ಆಟಿಗಿ ಸಾಮಾನಿನ ಅಂಗಡ್ಯಾಗ ಅದಾನ” ಎಂದರು.

“ಹೌದೇನ್ರೀ” ಎಂದು ದೊಡ್ಡಪ್ಪ ಸೈಕಲ್ ಹತ್ತಿ ಹೊರಟ. ಹತ್ತು ಮಾರು ಹೋಗಿರಲಿಲ್ಲ, ಹಿಂದಿನಿಂದ ಪೀರಾ ಸಾಬರ ದನಿ ಕೇಳಿತು.

“ಕೈ ಕೆಳಗ ನೂರಾರು ಮಂದಿ ಅದಾರ.”